ಸಮಾರ್ಯದವನಿಗೂ ಒಂದು ಛತ್ರ ಬೇಕು

ಸೆಪ್ಟೆಂಬರ್ ಬಂತೆಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಮನೆ ಮೆಸೇಜುಗಳು. ರೂಮು ಸಿಕ್ಕಿಲ್ಲ, ವಿಮಾನ ರಾತ್ರಿ ಹನ್ನೊಂದಕ್ಕೆ ಇಳಿಯತ್ತೆ, ಆನ್‌ಮೆಲ್ಡುಂಗ್‌ಗೆ ದಿನಾಂಕ ಸಿಗ್ತಿಲ್ಲ, ಬ್ಲಾಕ್ಡ್ ಅಕೌಂಟಿನ ದುಡ್ಡು ಇನ್ನೂ ಬಂದಿಲ್ಲ. ಕೇಳುವವರು ಪ್ರತಿ ವರ್ಷ ಬದಲಾಗುತ್ತಾರೆ, ಉತ್ತರ ಕೊಡುವವರು ಮಾತ್ರ ಅದೇ ಮೂರ್ನಾಲ್ಕು ಜನ. ಫೆಬ್ರವರಿಯ ಪರೀಕ್ಷೆಗಳ ಹೊತ್ತಿಗೆ ಅವರು ಫೋನ್ ನೋಡಿದರೇ ಬೆಚ್ಚಿಬೀಳುವ ಸ್ಥಿತಿಗೆ ಬಂದಿರುತ್ತಾರೆ. "ಸೇವೆ ಅಂದಮೇಲೆ ಇದೆಲ್ಲಾ ಇದ್ದದ್ದೇ" ಅಂತ ನಾವು ಸಮಾಧಾನ ಹೇಳಿಕೊಳ್ಳುತ್ತೇವೆ.

ಇದು ಇದ್ದದ್ದೇ ಆಗಬೇಕಿಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಇದಕ್ಕೆ ನಾವು ಆಧಾರ ಹುಡುಕಿದ್ದು ಕ್ರೈಸ್ತ ಸೇವೆಯ ಪರಂಪರೆಯಲ್ಲಿ. ನಮ್ಮಲ್ಲಿ ಕೆಲವರು ಆ ಧರ್ಮದವರು, ಹೆಚ್ಚಿನವರು ಅಲ್ಲ. ಆದರೆ ನಾವು ಓದುತ್ತಿರುವ ಜರ್ಮನಿಯಲ್ಲಿ ಸೇವೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ಆ ಪರಂಪರೆಯನ್ನು ಸ್ವಲ್ಪವಾದರೂ ನೋಡಲೇಬೇಕು.

ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಒಳ್ಳೆಯ ಸಮಾರ್ಯದವನ ಕಥೆ ಹಲವರಿಗೆ ಗೊತ್ತು. ಯೆರೂಸಲೇಮಿನಿಂದ ಯೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಒಬ್ಬನನ್ನು ಹೊಡೆದು ಅರೆಜೀವ ಮಾಡಿ ಬಿಟ್ಟುಹೋಗುತ್ತಾರೆ. ಯಾಜಕನೊಬ್ಬ ನೋಡಿಯೂ ಪಕ್ಕಕ್ಕೆ ಸರಿದು ಹೋಗುತ್ತಾನೆ, ಲೇವಿಯನೂ ಹಾಗೇ. ನಿಂತವನು ಸಮಾರ್ಯದವನು. ಯೆಹೂದ್ಯರಿಗೂ ಸಮಾರ್ಯದವರಿಗೂ ಹೊಕ್ಕುಬಳಕೆ ಇಲ್ಲದ ಕಾಲ ಅದು. ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟುತ್ತಾನೆ, ತನ್ನ ಪ್ರಾಣಿಯ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ಯುತ್ತಾನೆ.

ಸಾಮಾನ್ಯವಾಗಿ ನಾವು ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಕರುಣೆಯನ್ನು ಹೊಗಳುತ್ತೇವೆ. ಆಮೇಲಿನ ಭಾಗ ಓದಿ. ಮರುದಿನ ಅವನು ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಇವನನ್ನು ನೋಡಿಕೋ, ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಎಂದು ಹೇಳಿ ಮುಂದೆ ಹೊರಡುತ್ತಾನೆ. ತನ್ನ ಪ್ರಯಾಣವನ್ನು ಅವನು ರದ್ದು ಮಾಡಲಿಲ್ಲ. ಗಾಯಾಳುವನ್ನು ಕೈಬಿಡಲೂ ಇಲ್ಲ. ಒಂದು ರಾತ್ರಿ ತಾನೇ ನೋಡಿಕೊಂಡು, ಮಿಕ್ಕಿದ್ದನ್ನು ಆ ಕೆಲಸ ಬಲ್ಲವನಿಗೆ ಒಪ್ಪಿಸಿದ. ಛತ್ರ ಇಲ್ಲದಿದ್ದರೆ ಅವನ ಒಳ್ಳೆಯತನ ಎಷ್ಟು ದಿನ ತಾಳುತ್ತಿತ್ತು? ನಮ್ಮ ಸಂಘದಲ್ಲಿ ಸಮಾರ್ಯದವರಿಗೆ ಕೊರತೆ ಇಲ್ಲ. ಕೊರತೆ ಇರುವುದು ಛತ್ರಕ್ಕೆ.

ಬೈಬಲ್ಲಿನಲ್ಲಿ ದಣಿದ ಸೇವಕರ ಬಗ್ಗೆ ಗದರಿಕೆಗಿಂತ ಅಂತಃಕರಣ ಹೆಚ್ಚು. ಪ್ರವಾದಿ ಎಲೀಯ ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಸಿದು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದು ದೇವರನ್ನು ಬೇಡುತ್ತಾನೆ. ಬಂದ ದೇವದೂತ ಉಪದೇಶ ಮಾಡುವುದಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟು, ಎದ್ದು ಊಟ ಮಾಡು ಅನ್ನುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ, ದೂತ ಮತ್ತೆ ಎಬ್ಬಿಸಿ ಉಣಿಸುತ್ತಾನೆ. ದಾರಿಯ ಮಾತು ಬರುವುದು ಆಮೇಲೆ. ಮಾರ್ಕನ ಸುವಾರ್ತೆಯಲ್ಲೂ ಹೀಗೇ: ಬಂದುಹೋಗುವ ಜನರ ನಡುವೆ ಶಿಷ್ಯರಿಗೆ ಊಟಕ್ಕೂ ಪುರುಸೊತ್ತಿಲ್ಲದಾಗ ಯೇಸುವೇ ಅವರನ್ನು ಏಕಾಂತಕ್ಕೆ ಕರೆದೊಯ್ದು ವಿಶ್ರಾಂತಿ ಪಡೆಯಲು ಹೇಳುತ್ತಾನೆ. ನಮ್ಮ ಸ್ವಯಂಸೇವಕರಿಗೆ ಇದಕ್ಕಿಂತ ಹತ್ತಿರದ ಮಾತು ಬೇಕೆ?

ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಮುಚ್ಚಿರುತ್ತವೆ ಅಂತ ನಾವೆಲ್ಲ ಗೊಣಗುತ್ತೇವೆ. ಶನಿವಾರ ಹಾಲು ತರಲು ಮರೆತರೆ ಸೋಮವಾರದವರೆಗೆ ಕಪ್ಪು ಕಾಫಿಯೇ ಗತಿ! ಆದರೆ ಈ ಬಿಡುವಿಗೆ 1949ರ ಇಲ್ಲಿನ ಸಂವಿಧಾನದ ರಕ್ಷಣೆ ಇದೆ. 1919ರ ವೈಮಾರ್ ಸಂವಿಧಾನದ ವಿಧಿಯನ್ನೇ ಅದರಲ್ಲಿ ಉಳಿಸಿಕೊಂಡಿದ್ದಾರೆ. ಇದರ ಬೇರು ಇರುವ ಸಬ್ಬತ್ತಿನ ಆಜ್ಞೆಯಲ್ಲಿ ವಿಶ್ರಾಂತಿ ಯಜಮಾನನಿಗೆ ಮಾತ್ರವಲ್ಲ, ಆಳುಗಳಿಗೆ, ದನಕರುಗಳಿಗೆ, ಊರಲ್ಲಿ ನೆಲೆಸಿದ ಪರದೇಶದವನಿಗೂ ಸಲ್ಲಬೇಕು. ನಮ್ಮ ಕಡೆ ಹಲವು ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಅದು ಬಸವಣ್ಣನ ದಿನ. ಎತ್ತಿಗೆ ಕೊಟ್ಟ ಒಂದು ದಿನವನ್ನು ನಮ್ಮ ಕಾರ್ಯದರ್ಶಿಗೂ ಕೊಡೋಣ ಅಂದರೆ ತಪ್ಪೇನು?

ಇಲ್ಲಿನ ಚರ್ಚುಗಳು ಈ ಕೆಲಸಕ್ಕೆ ಇಟ್ಟ ಹೆಸರು 'ಜ಼ೇಲ್‌ಜ಼ೋರ್ಗೆ', ಅಂದರೆ ಆತ್ಮದ ಆರೈಕೆ. ಪ್ರೊಟೆಸ್ಟಂಟ್ ಮತ್ತು ಕ್ಯಾಥೊಲಿಕ್ ಚರ್ಚುಗಳು ಒಟ್ಟಾಗಿ ನಡೆಸುವ ಫೋನ್ ಸೇವೆಯ ಬೇರು 1956ರ ಬರ್ಲಿನ್‌ನಲ್ಲಿದೆ. 0800 1110111 ಅಥವಾ 0800 1110222ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಹೆಸರು ಹೇಳಬೇಕಾಗಿಲ್ಲ, ಮಾತು ಮುಖ್ಯವಾಗಿ ಜರ್ಮನ್‌ನಲ್ಲಿ. ಕರೆ ಎತ್ತುವವರು ಬಹುಪಾಲು ಸ್ವಯಂಸೇವಕರು. ಅವರಿಗೆ ಮೊದಲು ತರಬೇತಿ ಕೊಡುತ್ತಾರೆ, ಆಮೇಲೂ ಅವರು ಕೇಳಿಸಿಕೊಂಡ ನೋವನ್ನು ಇಳಿಸಿಕೊಳ್ಳಲು ಅನುಭವಿಗಳ ಜೊತೆ ನಿಯಮಿತವಾಗಿ ಕೂರುತ್ತಾರೆ. ಕೇಳುವವರನ್ನೂ ಕೇಳಿಸಿಕೊಳ್ಳುವವರು ಇರಬೇಕು ಎನ್ನುವ ಈ ಏರ್ಪಾಡೇ ನಾವು ಕಲಿಯಬೇಕಾದದ್ದು.

ವಿಶ್ವವಿದ್ಯಾಲಯಗಳ ಊರುಗಳಲ್ಲಿ ಎರಡೂ ಚರ್ಚುಗಳ ವಿದ್ಯಾರ್ಥಿ ಕೇಂದ್ರಗಳಿವೆ. "ಅಲ್ಲಿ ಹೋದರೆ ಮತಾಂತರ ಮಾಡ್ತಾರಂತೆ" ಎಂಬ ಭಯ ಊರಲ್ಲಿರುವ ಅಪ್ಪ ಅಮ್ಮನಿಗೂ ಇದೆ, ನಮ್ಮಲ್ಲಿ ಕೆಲವರಿಗೂ ಇದೆ. ಈ ಭಯವನ್ನು ನಗೆಯಾಡಿ ತಳ್ಳಿಹಾಕಬಾರದು. ಆದರೆ ಈ ಕೇಂದ್ರಗಳು ಎಲ್ಲ ಧರ್ಮದವರಿಗೂ, ಧರ್ಮವಿಲ್ಲದವರಿಗೂ ಬಾಗಿಲು ತೆರೆದಿರುತ್ತವೆ. ಹಲವು ಊರುಗಳಲ್ಲಿ ಕಷ್ಟದಲ್ಲಿರುವ ವಿದೇಶಿ ವಿದ್ಯಾರ್ಥಿಗಳಿಗೆ ತುರ್ತು ಹಣದ ನೆರವೂ ಇದೆ. ನಮ್ಮ ಅಳತೆಗೋಲು ಸರಳ: ಸಮಾರ್ಯದವನು ಗಾಯಾಳುವಿನ ಧರ್ಮ ಕೇಳಲಿಲ್ಲ. ನೆರವಿಗೆ ಬದಲಾಗಿ ಯಾರಾದರೂ ನಂಬಿಕೆಯನ್ನು ಕೇಳಿದರೆ, ಅದು ಯಾವ ಧರ್ಮದವರೇ ಇರಲಿ, ಅಲ್ಲಿಂದ ಎದ್ದು ಬನ್ನಿ.

ಇದೇ ಅಳತೆಗೋಲನ್ನು ನಮಗೂ ಹಿಡಿಯೋಣ. ಹೊಸಬರು ಬಂದಾಗ ಊರು ಕೇಳಿದ ಮೇಲೆ "ನಿಮ್ಮದು ಯಾವ ಜನ?" ಅಂತ ಮೆಲ್ಲಗೆ ಕೇಳುವ ಚಾಳಿ ಏಳು ಸಾವಿರ ಕಿಲೋಮೀಟರ್ ದಾಟಿಯೂ ನಮ್ಮನ್ನು ಬಿಟ್ಟಿಲ್ಲ. ಗಣೇಶ ಹಬ್ಬ, ದೀಪಾವಳಿ, ಯುಗಾದಿಗೆ ಹಾಲ್ ಬುಕ್ ಮಾಡುವ ನಾವು, ಮನೆಯಲ್ಲಿ ಕನ್ನಡದಲ್ಲೇ ಪ್ರಾರ್ಥನೆ ಮಾಡುವ ಧಾರವಾಡದ, ಬೀದರಿನ ಗೆಳೆಯರ ಕ್ರಿಸ್‌ಮಸ್ಸನ್ನು "ಅದು ಇಲ್ಲಿಯವರ ಹಬ್ಬ" ಅಂದುಕೊಂಡರೆ ಹೇಗೆ? 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟೆಲ್ ಇದೇ ಜರ್ಮನಿಯವರು, 1903ರಲ್ಲಿ ತೀರಿಕೊಂಡದ್ದು ಇಲ್ಲಿನ ಟ್ಯೂಬಿಂಗನ್‌ನಲ್ಲಿ. ಕನ್ನಡ ಯಾವತ್ತೂ ಒಂದೇ ಧರ್ಮದ ಸ್ವತ್ತಾಗಿರಲಿಲ್ಲ. ಕ್ರಿಸ್‌ಮಸ್, ರಂಜಾನ್ ಎರಡೂ ನಮ್ಮ ಪಟ್ಟಿಯಲ್ಲಿರಲಿ.

ಮುಂದಿನ ಸಮಿತಿಯ ಮುಂದೆ ನಾವು ಇಡುವ ಮಾತು ಇಷ್ಟೇ. ಹೊಸಬರ ನೆರವಿಗೆ ವಾರದ ಪಾಳಿ ಇರಲಿ, ಪ್ರತಿ ಪಾಳಿಗೆ ಇಬ್ಬರು. ರಾತ್ರಿ ಹತ್ತರ ಮೇಲೆ ತುರ್ತು ಬಿಟ್ಟು ಬೇರೆ ಮೆಸೇಜಿಗೆ ಉತ್ತರ ನಿರೀಕ್ಷಿಸುವುದು ಬೇಡ. ಜೀವಕ್ಕೆ ಅಪಾಯ ಇದ್ದರೆ ಮೊದಲು 112ಕ್ಕೆ ಕರೆ, ಆಮೇಲೆ ಗುಂಪಿಗೆ. ಮನಸ್ಸಿನ ಕಷ್ಟ ಹೇಳಿಕೊಂಡವರಿಗೆ ನಾವೇ ವೈದ್ಯರಾಗುವುದು ಬೇಡ. ಜೊತೆಗೆ ಕೂತು ಟೀ ಕುಡಿದು, ವಿಶ್ವವಿದ್ಯಾಲಯದ ಆಪ್ತಸಲಹೆಗಾರರ ಬಾಗಿಲವರೆಗೆ ಜೊತೆಯಲ್ಲೇ ನಡೆಯೋಣ. ಪಾಳಿ ಮುಗಿಸಿದವರು ತಿಂಗಳಿಗೊಮ್ಮೆ ಸೇರಿ ಮನಸ್ಸು ಹಗುರ ಮಾಡಿಕೊಳ್ಳಲಿ, ಆ ದಿನದ ಅಡುಗೆ ಬೇರೆಯವರು ಮಾಡಲಿ.

ಇಷ್ಟು ಪಾಳಿಗೆ ಜನ ಎಲ್ಲಿಂದ ಅಂತ ಕೇಳಬಹುದು. ಕಳೆದ ವರ್ಷ ರಾತ್ರಿ ಹನ್ನೊಂದಕ್ಕೆ ಇಳಿದು ಯಾರದೋ ರೂಮಿನ ನೆಲದ ಮೇಲೆ ಹಾಸಿಗೆ ಹಾಸಿಕೊಂಡು ಮಲಗಿದವರೆಲ್ಲ ಈಗ ಇಲ್ಲೇ ಇದ್ದಾರೆ. ಒಬ್ಬೊಬ್ಬರು ವರ್ಷಕ್ಕೆ ಒಂದೇ ವಾರ ಕೊಟ್ಟರೂ ಸಾಕು.