ಸೀರಿ ನೋಡಾಕ ಪಾಸ್‌ವರ್ಡ್ ಯಾಕ ಬೇಕ್ರಿ?

ವರಾಛಾಕ್ಕೆ ಬಂದು ಇಪ್ಪತ್ತೆಂಟು ವರ್ಷವಾಯಿತು. ವಜ್ರದ ಕಾರ್ಖಾನೆಗಳು, ಎಂಬ್ರಾಯ್ಡರಿ ಯಂತ್ರಗಳ ಸದ್ದು, ಸೌರಾಷ್ಟ್ರದ ಗುಜರಾತಿ... ಎಲ್ಲ ಒಗ್ಗಿಹೋಗಿದೆ. ಆದರೂ ಫೋನಿನಲ್ಲಿ ನಮ್ಮ ಕಡೆಯ ಕನ್ನಡ ಕೇಳಿದರೆ ಕಿವಿ ನೆಟ್ಟಗಾಗುತ್ತೆ.

ಇಲ್ಲಿ ನನ್ನ ಗೆಳೆಯರೊಬ್ಬರದು ಎಂಬ್ರಾಯ್ಡರಿ ಸೀರೆಯ ವ್ಯಾಪಾರ. ಮಾಲು ರಾಣೆಬೆನ್ನೂರಿನ ಒಂದು ಅಂಗಡಿಗೂ ಹೋಗುತ್ತೆ. ಭಾಷೆ ತೊಡಕಾದಾಗ ನಾನೇ ದುಭಾಷಿ. ಈಚೆಗೆ ಅವರು ತಮ್ಮ ವೆಬ್‌ಸೈಟಿಗೆ ಲಾಗಿನ್ ಹಾಕಿಸಿದರು. ವಾರದೊಳಗೆ ಅಂಗಡಿಯ ಅಕ್ಕನ ಫೋನ್ ಬಂತು.

"ಸಾಹೇಬ್ರ, ಸೀರಿ ನೋಡಾಕ ಪಾಸ್‌ವರ್ಡ್ ಯಾಕ ಬೇಕ್ರಿ? ಅಂಗಡ್ಯಾಗ ಗಿರಾಕಿ ಕುಂತಾರ, ಇದು ಬಾಗಲಾನ ತೆಗೀವಲ್ದು!"

ಆಕೆಗೆ ಪಾಸ್‌ವರ್ಡ್ ಮರೆತಿತ್ತು. ಗೆಳೆಯರು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೆ ಫೋನ್ ಮಾಡಿದರು. ಅವನು ಅರ್ಧ ನಿಮಿಷದಲ್ಲಿ ಎಕ್ಸೆಲ್ ಹಾಳೆ ತೆಗೆದು, ಆಕೆಯ ಪಾಸ್‌ವರ್ಡನ್ನು ಗಟ್ಟಿಯಾಗಿ ಓದಿ ಹೇಳಿದ. ಮಗಳ ಹೆಸರು, ಹುಟ್ಟಿದ ವರ್ಷ. ಗೆಳೆಯರಿಗೆ ಖುಷಿ, "ನೋಡಿ ಸಾಹೇಬ್, ಎಂಥ ಸರ್ವಿಸ್!" ನನಗೆ ಮಾತ್ರ ಎದೆ ಧಸಕ್ಕೆಂದಿತು.

"ಅಕ್ಕಾರ, ಇದೇ ಪಾಸ್‌ವರ್ಡ್ ಬೇರೆ ಕಡೆನೂ ಇಟ್ಟೀರೇನು?" ಎಂದೆ.

"ಎಲ್ಲಾಕೂ ಒಂದ ಐತ್ರಿ. ನೆನಪಿರಬೇಕಲ್ಲ."

ಬ್ಯಾಂಕಿನವನ ಲೆಕ್ಕದಲ್ಲಿ ಹೇಳುತ್ತೇನೆ. ನಮ್ಮ ಲಾಕರ್‌ಗೆ ಎರಡು ಕೀಲಿ. ಒಂದು ನಮ್ಮದು, ಒಂದು ಗ್ರಾಹಕರದು. ಗ್ರಾಹಕರ ಕೀಲಿಯ ನಕಲು ಬ್ಯಾಂಕಿನಲ್ಲಿ ಇರೋದಿಲ್ಲ. ಅವರು ಕಳೆದುಕೊಂಡರೆ ಅವರ ಎದುರಿಗೇ ಲಾಕರ್ ಒಡೆಸಿ ಬೀಗ ಬದಲಿಸುತ್ತೇವೆ. ವೆಬ್‌ಸೈಟಿಗೂ ಇದೇ ನ್ಯಾಯ. ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡಬಾರದು, ಅರೆದ ಹಿಟ್ಟು ಮಾಡಿ ಇಡಬೇಕು. ತಂತ್ರಜ್ಞರು ಅದಕ್ಕೆ ಹ್ಯಾಶ್ ಅಂತಾರೆ. ಹಿಟ್ಟಿನಿಂದ ಮತ್ತೆ ಗೋಧಿ ಬರೋದಿಲ್ಲ. ಮುಂದಿನ ಸಲ ನೀವು ಗೋಧಿ ತಂದರೆ ಅದನ್ನೂ ಅರೆದು, ಎರಡೂ ಹಿಟ್ಟು ಒಂದೇನಾ ಅಂತ ನೋಡುತ್ತೆ, ಅಷ್ಟೆ. ಆದ್ದರಿಂದ ನಿಮ್ಮ ಹಳೇ ಪಾಸ್‌ವರ್ಡನ್ನೇ ಯಾರಾದರೂ ಹುಡುಕಿ ಕೊಟ್ಟರೆ "ಥ್ಯಾಂಕ್ಸ್" ಅನ್ನಬೇಡಿ, ಹೆದರಿಕೊಳ್ಳಿ. 2009ರಲ್ಲಿ ಅಮೆರಿಕದ ರಾಕ್‌ಯೂ ಕಂಪನಿಯಿಂದ ಸುಮಾರು 3.2 ಕೋಟಿ ಪಾಸ್‌ವರ್ಡುಗಳು ಕಳುವಾದವು. ಎಲ್ಲವೂ ಓದುವ ಹಾಗೇ ಬರೆದಿಟ್ಟಿದ್ದವು!

ಸೀರೆ ಪಟ್ಟಿ ಕದ್ದು ಯಾರೇನು ಮಾಡ್ತಾರೆ ಅಂತೀರಾ? ಅದೇ ಪಾಸ್‌ವರ್ಡ್ ಈಮೇಲಿಗೂ ಇದ್ದರೆ ಕಥೆ ಮುಗಿಯಿತು. ಬೇರೆ ಕಡೆ "ಪಾಸ್‌ವರ್ಡ್ ಮರೆತಿದೆ" ಅಂತ ಒತ್ತಿದರೆ ಹೊಸ ಕೀಲಿ ಬರೋದು ಸಾಮಾನ್ಯವಾಗಿ ಈಮೇಲಿಗೇ ತಾನೆ?

ಬೇರೆಯವರನ್ನು ಅನ್ನುವ ಮುಂಚೆ ನನ್ನದೂ ಒಪ್ಪಿಕೊಂಡುಬಿಡ್ತೀನಿ. ಶಾಖೆಗೆ ಕಂಪ್ಯೂಟರ್ ಬಂದ ಹೊಸದರಲ್ಲಿ ಊಟಕ್ಕೆ ಏಳುವಾಗ ಪಾಸ್‌ವರ್ಡಿನ ಚೀಟಿಯನ್ನು ಕೀಬೋರ್ಡಿನ ಕೆಳಗಿಟ್ಟು ಹೋಗುತ್ತಿದ್ದೆ. ಒಂದು ದಿನ ನನ್ನ ಹೆಸರಿನಲ್ಲಿ ತಪ್ಪು ಎಂಟ್ರಿ ಬಿತ್ತು. ಮಾಡಿದವನು ನಾನಲ್ಲ ಅಂತ ಸಾಬೀತು ಮಾಡೋಕೆ ಎರಡು ದಿನ ಬೆವರಿಳಿಯಿತು. ಅದಕ್ಕೇ ಇಷ್ಟು ಕೊರೆಯುತ್ತಿದ್ದೇನೆ.

ನನ್ನ ಮಾತು ಇಷ್ಟೆ. ಲಾಗಿನ್ ಅಂದರೆ ಬರೀ ಒಂದು ಬಟನ್ ಅಲ್ಲ, ಗ್ರಾಹಕರ ಹೆಸರಲ್ಲಿ ಖಾತೆ ತೆರೆದ ಹಾಗೆ. ತೆರೆದ ಮೇಲೆ ಕಾಯುವ ಜವಾಬ್ದಾರಿ ನಮ್ಮದು. ಸರ್ಕಾರವೂ ಈಗ ಸುಮ್ಮನಿಲ್ಲ. 2022ರ ಅಕ್ಟೋಬರ್ 1ರಿಂದ ವ್ಯಾಪಾರಿಗಳು ಗ್ರಾಹಕರ ಪೂರ್ತಿ ಕಾರ್ಡ್ ನಂಬರನ್ನು ಇಟ್ಟುಕೊಳ್ಳೋ ಹಾಗಿಲ್ಲ, ರಿಸರ್ವ್ ಬ್ಯಾಂಕಿನ ನಿಯಮ. 2023ರ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆಗೆ 2025ರ ನವೆಂಬರಿನಲ್ಲಿ ನಿಯಮಗಳು ಬಂದವು. ಜಾರಿ ಹಂತ ಹಂತವಾಗಿ. ಮಾಹಿತಿಯನ್ನು ಸರಿಯಾಗಿ ಕಾಯದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು.

ಗೆಳೆಯರ ಕಷ್ಟವೂ ಸುಳ್ಳಲ್ಲ. "ಸಗಟು ದರವನ್ನು ಎದುರು ಅಂಗಡಿಯವನು ನೋಡಿಬಿಡ್ತಾನೆ ಸಾಹೇಬ್" ಅಂದರು. ಸರಿ, ದರಕ್ಕೆ ಬೀಗ ಇರಲಿ. ಆದರೆ ಸೀರೆಗೆ ಯಾಕೆ? ಅಂಗಡಿ ಮುಂದಿನ ಗಾಜಿನ ಬೀರುವಿಗೆ ಯಾರಾದರೂ ಪರದೆ ಎಳೀತಾರೆಯೇ? ಈ ಮಾತು ಅವರಿಗೆ ಹಿಡಿಸಿತು. ಈಗ ಸೀರೆಗಳನ್ನು ಎಲ್ಲರೂ ನೋಡಬಹುದು. ದರ ಬೇಕಾದವರಿಗೆ ಮೊಬೈಲಿಗೆ ಓಟಿಪಿ ಬರುತ್ತೆ. ನೆನಪಿಡೋ ತಾಪತ್ರಯವೇ ಇಲ್ಲ. ನಂಬರ್ ಬದಲಾದವರಿಗೆ ಮಾತ್ರ ಬೇರೆ ದಾರಿ ಇನ್ನೂ ಆಗಬೇಕು.

ಅಕ್ಕ ಅವತ್ತು ರಾತ್ರಿಯೇ ಮಗನ ಕೈಲಿ ಎಲ್ಲ ಕಡೆ ಪಾಸ್‌ವರ್ಡ್ ಬದಲಿಸಿದರಂತೆ. ಮಿಕ್ಕ ಗಿರಾಕಿಗಳಿಗೆ ಯಾರು ಹೇಳಬೇಕು? ಆ ಎಕ್ಸೆಲ್ ಹಾಳೆ ಅಳಿಸಿದಿರಾ ಅಂತ ಮೊನ್ನೆ ಗೆಳೆಯರನ್ನು ಕೇಳಿದೆ. "ಥೈ ಜಶೆ ಸಾಹೇಬ್" ಅಂದರು. ಆಗಿಬಿಡುತ್ತೆ ಅಂತ. ಇಪ್ಪತ್ತೆಂಟು ವರ್ಷದಲ್ಲಿ ಈ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಾಗಿದೆ. ನಾಳೆ ನಾನೇ ಹೋಗಿ ಎದುರಿಗೆ ಕೂತು ಅಳಿಸಿ ಬರ್ತೀನಿ.

ನಿಮ್ಮ ಪಾಸ್‌ವರ್ಡೂ "ಎಲ್ಲಾಕೂ ಒಂದ" ಏನು? ಹೌದಾದರೆ ಇವತ್ತೇ ಮೊದಲು ಈಮೇಲಿನದು ಬದಲಿಸಿ.