ಬುಡ ಕಪ್ಪು, ತುದಿ ಕೆಂಪು

ಯುಗಾದಿಗೆಂದು ಬ್ಯಾಡಗಿಯ ತಂಗಿಯ ಮನೆಗೆ ಹೋಗಿದ್ದೆ. ಬೇವು-ಬೆಲ್ಲ ಹಂಚುವ ಹೊತ್ತಿಗೆ ಮನೆಯಲ್ಲಿ ರಣರಂಪ. ಹಾವೇರಿಯಲ್ಲಿ ಡಿಗ್ರಿ ಓದುವ ಅವಳ ಮಗಳು ಜಡೆ ಬಿಚ್ಚಿ ನಿಂತಿದ್ದಾಳೆ. ಹೆಗಲವರೆಗೆ ಕಪ್ಪು, ಅಲ್ಲಿಂದ ಮೆಲ್ಲಗೆ ಕಂದು, ತುದಿಗೆ ಬಂದರೆ ತಾಮ್ರದ ಬಣ್ಣ. ಇದಕ್ಕೆ ‘ಓಂಬ್ರೆ’ ಎನ್ನುತ್ತಾರಂತೆ. ನೆರಳು ಬಿದ್ದಂತೆ ಎಂಬ ಅರ್ಥದ ಫ್ರೆಂಚ್ ಮಾತು. ಹಾಸ್ಟೆಲಿನ ಗೆಳತಿಯರೇ ಸೇರಿ ಹಚ್ಚಿದ್ದು.

“ಏನವಾ ಇದು, ಕೂದಲಿಗೆ ತುಕ್ಕ ಹಿಡದಂಗ ಆಗೇತಿ! ಮುಂದಿನ ವಾರ ರಾಣೆಬೆನ್ನೂರಿಂದ ನೋಡಾಕ ಬರ್ತಾರ. ಏನ ಅಂದಾರು?” ಎಂದು ತಂಗಿ ಹಣೆ ಚಚ್ಚಿಕೊಂಡಳು. ಆ ಕೈಯ ಉಗುರಿನ ಸಂದಿಯಲ್ಲಿ ಹಿಂದಿನ ದಿನ ತಾನೇ ಹಚ್ಚಿಕೊಂಡ ‘ಕಪ್ಪು ಮೆಹಂದಿ’ಯ ಕಲೆ ಇನ್ನೂ ಹೋಗಿರಲಿಲ್ಲ. ಕಿವಿಯ ಹಿಂದೆ ಕೆಂಪಗೆ ದದ್ದು ಎದ್ದಿತ್ತು. ಅದನ್ನು ಕೆರೆದುಕೊಳ್ಳುತ್ತಲೇ ಮಗಳನ್ನು ಬೈದಳು. ಉಳಿದ ಪುಡಿಯನ್ನು ಕಲಸಿ ಮಗಳ ತಲೆಗೂ ಮೆತ್ತಲು ಬಟ್ಟಲು ತಂದಳು.

ನಾನು ಜಗಳಕ್ಕೆ ನಿಂತದ್ದು ಆ ಬಟ್ಟಲಿನ ಮುಂದೆ. ಈಗ ನಿಮ್ಮ ಮುಂದೆಯೂ ಅದೇ ಜಗಳ ತೆಗೆಯುತ್ತೇನೆ.

ಮೆಹಂದಿ ಸೊಪ್ಪಿಗೆ ಇರುವುದು ಒಂದೇ ಬಣ್ಣ, ಕಿತ್ತಳೆ ಬೆರೆತ ಕೆಂಪು. ಅರ್ಧ ಗಂಟೆಯಲ್ಲಿ ಕೂದಲನ್ನು ಕಾಡಿಗೆಯಂತೆ ಕಪ್ಪು ಮಾಡುವ ‘ಮೆಹಂದಿ’ಯಲ್ಲಿ ಬೇರೆ ಏನೋ ಬೆರೆತಿರಲೇಬೇಕು. ಹೆಚ್ಚಾಗಿ ಅದು ಪ್ಯಾರಾ-ಫೀನೈಲೀನ್‌ಡೈಅಮೈನ್, ಚಿಕ್ಕದಾಗಿ ಪಿಪಿಡಿ ಎಂಬ ರಾಸಾಯನಿಕ. ಅದು ಕೆಲವರ ಮೈಗೆ ಒಗ್ಗುವುದಿಲ್ಲ: ತುರಿಕೆ, ದದ್ದು, ರೆಪ್ಪೆ ಮುಖ ಬಾವು. ಹತ್ತು ವರ್ಷ ಹಚ್ಚಿ ಏನೂ ಆಗದವಳಿಗೂ ಹನ್ನೊಂದನೆಯ ವರ್ಷ ಆಗಬಹುದು. ಒಮ್ಮೆ ಆಯಿತೆಂದರೆ ಪ್ರತಿ ಸಲವೂ ಆಗುತ್ತದೆ. ಇಂಥದ್ದನ್ನು ನಾವು ತಿಂಗಳಿಗೊಮ್ಮೆ ನೇರ ನೆತ್ತಿಯ ಚರ್ಮಕ್ಕೆ ಮೆತ್ತಿಕೊಂಡು ‘ಮರ್ಯಾದೆ’ ಉಳಿಸಿಕೊಳ್ಳುತ್ತೇವೆ. ಹುಡುಗಿ ಬಣ್ಣ ಹಚ್ಚಿದ್ದು ತುದಿಗೂದಲಿಗೆ, ಚರ್ಮಕ್ಕೆ ತಾಗದ ಜಾಗಕ್ಕೆ. ಅವಳದು ‘ಲಂಗುಲಗಾಮಿಲ್ಲದ ನಡತೆ’! ಇದು ಯಾವ ನ್ಯಾಯ?

ನ್ಯಾಯದ ಮಾತು ಬಂತೆಂದರೆ ಬ್ಯಾಡಗಿಯನ್ನೇ ನೋಡಿ. ಈ ಊರು ಹೊಟ್ಟೆ ಹೊರೆಯುವುದೇ ಕೆಂಪು ಬಣ್ಣ ಮಾರಿ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ಅದರಿಂದ ತೆಗೆದ ಬಣ್ಣದ ಎಣ್ಣೆ ಲಿಪ್‌ಸ್ಟಿಕ್ಕಿಗೂ ಉಗುರುಬಣ್ಣಕ್ಕೂ ಹೋಗುತ್ತದೆ ಎಂದು ನಾವೇ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಊರಿನ ಕೆಂಪು ಪರದೇಶದ ಹೆಂಗಸಿನ ತುಟಿಗೆ ಏರಬಹುದು, ನಮ್ಮ ಮಗಳ ಜಡೆಗೆ ಮಾತ್ರ ಇಳಿಯಬಾರದು!

ಅಲ್ಲೇ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂಡುವ ಹೆಂಗಸರನ್ನೂ ನೋಡಿ. ಬಿಸಿಲಿಗೆ ಬೆಂದು ಅವರ ತುದಿಗೂದಲು ತಾನಾಗಿಯೇ ಕೆಂಚಾಗಿರುತ್ತದೆ. ಅದನ್ನು ‘ಎಣ್ಣೆ ಕಾಣದ ತಲೆ’ ಎಂದು ಆಡಿಕೊಂಡವರು ನಾವು. ಅದೇ ಬಣ್ಣಕ್ಕೆ ಪಾರ್ಲರಿನಲ್ಲಿ ಸಾವಿರಾರು ರೂಪಾಯಿ ಎಣಿಸಿದರೆ ಫ್ಯಾಷನ್ನು. ಬಣ್ಣಕ್ಕೆ ತಪ್ಪು-ಒಪ್ಪು ಇಲ್ಲ. ಅದು ಯಾರ ತಲೆಯ ಮೇಲಿದೆ ಎಂಬುದರ ಮೇಲೆ ನಮ್ಮ ನಾಲಗೆ ಹೊರಳುತ್ತದೆ.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ನಾನು ಕಪ್ಪು ಹಚ್ಚುವುದನ್ನು ಬಿಟ್ಟೆ. ಬುಡದಲ್ಲಿ ಬಿಳಿ, ತುದಿಯಲ್ಲಿ ಕಪ್ಪು. ಕಾಸು ಖರ್ಚಿಲ್ಲದೆ ನನಗೂ ಓಂಬ್ರೆಯಾಯಿತು, ಆದರೆ ತಲೆಕೆಳಗು. ರಾಣೆಬೆನ್ನೂರಿನ ಸಂತೆಯಲ್ಲಿ ಕಂಡವರೆಲ್ಲ, “ಯಾಕ್ರೀ ಅಕ್ಕಾರ, ಆರಾಮ ಇಲ್ಲೇನು?” ಎಂದು ಕೇಳಿದರು. ಗಂಡಸರ ತಲೆ ನರೆತರೆ ಅದು ಅನುಭವ, ಹೆಂಗಸಿನದು ನರೆತರೆ ಕಾಯಿಲೆ. ಮುಚ್ಚಿಡಲು ಹಚ್ಚಿದ ಬಣ್ಣಕ್ಕೆ ಯಾರ ತಕರಾರೂ ಇಲ್ಲ. ಇಷ್ಟಪಟ್ಟು, ಕಾಣಲಿ ಎಂದು ಹಚ್ಚಿದ ಬಣ್ಣಕ್ಕೆ ಮಾತ್ರ ಪಂಚಾಯಿತಿ. ನಮ್ಮ ಸಿಟ್ಟು ಇರುವುದು ಬಣ್ಣದ ಮೇಲಲ್ಲ, ಅವಳ ಇಷ್ಟದ ಮೇಲೆ.

ಹಾಗೆಂದು ತುದಿಗೆ ಹಚ್ಚುವ ಬ್ಲೀಚು ಅಮೃತವೇನಲ್ಲ. ಅದು ಕೂದಲಿನ ಸ್ವಂತ ಬಣ್ಣವನ್ನು ಸುಟ್ಟು ತೆಗೆಯುತ್ತದೆ. ಕೂದಲು ಒರಟಾಗುತ್ತದೆ, ಮುರಿಯುತ್ತದೆ. ಅದಕ್ಕೇ ಹುಡುಗಿಯರು ಕದ್ದುಮುಚ್ಚಿ ಮಾಡುವುದಕ್ಕಿಂತ ತಾಯಂದಿರು ಪಕ್ಕದಲ್ಲಿ ಕೂತು ಮಾಡಿಸುವುದು ಮೇಲು. ಎರಡು ದಿನ ಮೊದಲು ಹಚ್ಚುವ ಬಣ್ಣವನ್ನು ಕಿವಿಯ ಹಿಂದೆ ಚೂರು ಹಚ್ಚಿ ನೋಡಿ. ಕಾಣದ ಕಡೆಯ ಒಂದು ಎಳೆಯ ಮೇಲೆ ಬ್ಲೀಚನ್ನೂ ಪರೀಕ್ಷಿಸಿ. ಮೊದಲು ಕಪ್ಪು ಮೆಹಂದಿ ಹಚ್ಚಿದ ಕೂದಲಾದರೆ ಬ್ಲೀಚಿನ ಗೊಡವೆಯೇ ಬೇಡ. ಅದರಲ್ಲಿ ಲೋಹದ ಲವಣ ಇದ್ದರೆ ಕೂದಲು ಕಾದು ಕರಗೀತು. ಬ್ಲೀಚಿನೊಡನೆ ಕಲಸುವ ಪೆರಾಕ್ಸೈಡ್ ಶೇ. 6ಕ್ಕಿಂತ ಹೆಚ್ಚಿನದು ಬೇಡ. ಬಟ್ಟಲು ಪ್ಲಾಸ್ಟಿಕ್ಕಿನದಿರಲಿ, ಕೈಗೆ ಗ್ಲೌಸು ಇರಲಿ, ಕಿಟಕಿ ತೆರೆದಿರಲಿ. ಎಳೆ ಎಳೆಯಾಗಿ ಹಿಡಿದು ತುದಿಯಿಂದ ಮೇಲಕ್ಕೆ ಉಲ್ಟಾ ಬಾಚಿ, ಕೆಳಗೆ ಉಳಿದದ್ದಕ್ಕೆ ಹಚ್ಚಿದರೆ ಬಣ್ಣ ಗೆರೆ ಕೊರೆದಂತೆ ಕಾಣದೆ ಕರಗಿದಂತೆ ಕಾಣುತ್ತದೆ. ಐದೈದು ನಿಮಿಷಕ್ಕೆ ನೋಡುತ್ತಿರಿ. ನಮ್ಮ ಕಪ್ಪು ಕೂದಲು ಮೊದಲು ಇಟ್ಟಿಗೆಗೆಂಪಾಗಿ, ಆಮೇಲೆ ತಾಮ್ರವಾಗುತ್ತದೆ. ಅಲ್ಲಿಗೆ ನಿಲ್ಲಿಸಿ ತೊಳೆಯಿರಿ. ಬಂಗಾರದ ಬಣ್ಣ ಬೇಕೆಂದು ಹಟ ಹಿಡಿದರೆ ಕೈಗೆ ಸಿಗುವುದು ನಾರು.

ತಂಗಿಯ ಕೈಯಿಂದ ಆ ಬಟ್ಟಲನ್ನು ಕಸಿದು ಬಚ್ಚಲಿಗೆ ಸುರಿದೆ. “ಅಕ್ಕಾ, ಹುಡುಗಿ ಬಾಳೇವು ಹಾಳಾದ್ರ ನೀ ಹೊಣಿ” ಎಂದಳು. “ಆತು, ನಾನ ಹೊಣಿ” ಎಂದೆ. ಮುಂದಿನ ವಾರ ಹುಡುಗಿ ತಾಮ್ರದ ತುದಿಯ ಜಡೆಯನ್ನು ಮುಂದೆ ಹಾಕಿಕೊಂಡೇ ಬೀಗರ ಮುಂದೆ ಕೂತಳು. ಅವರು ಒಪ್ಪಿದರೋ ಬಿಟ್ಟರೋ ಎಂದು ನೀವು ಕೇಳುವುದು ನನಗೆ ಗೊತ್ತು. ನಾನು ಹೇಳುವುದಿಲ್ಲ. ಆ ಉತ್ತರದ ಮೇಲೆ ಹುಡುಗಿಯ ತಪ್ಪು-ಸರಿ ನಿರ್ಧಾರವಾಗಬೇಕೆಂದು ನಿಮಗೆ ಅನ್ನಿಸಿದರೆ, ನನ್ನ ಜಗಳ ನಿಮ್ಮ ಜೊತೆಗೂ ಇನ್ನೂ ಮುಗಿದಿಲ್ಲ.