ಗೋಧಿಗೆ ಎಣ್ಣೆ ಹೊಡೆಯುವ ಮುನ್ನ



ಹಿಂಗಾರಿ ಗೋಧಿ ತೆನೆ ಹಾಯುವ ಹೊತ್ತಿಗೆ ನಮಗೆ ಸಿಗುವ ಸಲಹೆ ಪ್ರತಿ ವರ್ಷವೂ ಒಂದೇ: ಸಸ್ಯಹೇನು ಕಂಡರೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯಿರಿ. ಲೀಟರ್ ನೀರಿಗೆ ಎಷ್ಟು ಬೆರೆಸಬೇಕೆಂದು ಅಂಗಡಿಯವರೂ ಹೇಳುತ್ತಾರೆ, ಮೊಬೈಲ್ ಸಂದೇಶವೂ ಹೇಳುತ್ತದೆ. ಆ ಹೇನನ್ನು ಕೊಲ್ಲುವ ಜೀವಿ ಹೊಲದಲ್ಲೇ ಇದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ತಕರಾರು ಇದಕ್ಕೇ.

ಅಫಿಡಿಯಸ್ ಎಂಬ ಪುಟ್ಟ ಕಣಜ ಎರಡು-ಮೂರು ಮಿಲಿಮೀಟರ್ ಉದ್ದವಷ್ಟೇ. ಅದು ಹೇನಿನ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿಯು ಹೇನನ್ನು ಒಳಗಿನಿಂದಲೇ ತಿಂದು ಬೆಳೆಯುತ್ತದೆ. ಸತ್ತ ಹೇನು ಉಬ್ಬಿ, ಕಂದು ಬಣ್ಣದ ಒಣ ಗುಳ್ಳೆಯಾಗಿ ಎಲೆಗೆ ಅಂಟಿಕೊಳ್ಳುತ್ತದೆ. ಮೊಟ್ಟೆಯಿಟ್ಟು ಸುಮಾರು ಎರಡು ವಾರಕ್ಕೆ ಆ ಗುಳ್ಳೆಯಲ್ಲಿ ದುಂಡನೆಯ ತೂತು ಕೊರೆದು ಹೊಸ ಕಣಜ ಹೊರಬೀಳುತ್ತದೆ. ಒಂದೊಂದು ಹೆಣ್ಣೂ ನೂರಾರು ಮೊಟ್ಟೆ ಇಡಬಲ್ಲದು.

ಈ ಗುಳ್ಳೆಗಳನ್ನು ರೋಗವೆಂದು ತಿಳಿದು ನಾನೂ ಡೈಮಿಥೋಯೇಟ್ ಹೊಡೆದವನೇ. ಹದಿನೈದು ದಿನಕ್ಕೆ ಹೇನು ಮತ್ತೆ ಬಂದವು, ಗುಳ್ಳೆ ಒಂದೂ ಕಾಣಲಿಲ್ಲ. ಆ ಎಣ್ಣೆಗೆ ಹೇನು, ಕಣಜ ಎಂಬ ಭೇದವಿಲ್ಲ.

ಕಣಜ ಹೇನನ್ನು ಹತೋಟಿಯಲ್ಲಿಡುತ್ತದೆ ಎಂಬುದು ಬರೀ ನಂಬಿಕೆಯ ಮಾತಲ್ಲ. 1970ರ ದಶಕದಲ್ಲಿ ಚಿಲಿ ದೇಶದ ಗೋಧಿಯನ್ನು ಹೊರಗಿನಿಂದ ಬಂದ ಹೇನು ಕಾಡಿದವು. 1976ರಿಂದ ಅಲ್ಲಿಯವರು ಬೇರೆ ಬೇರೆ ದೇಶಗಳಿಂದ ಕಣಜ ತರಿಸಿ ಹೊಲಗಳಿಗೆ ಬಿಟ್ಟರು. ಹೇನು ಹತೋಟಿಗೆ ಬಂದವು. ನಮ್ಮಲ್ಲೂ ಪಪ್ಪಾಯ ತೋಟಗಳಿಗೆ ಹಿಟ್ಟು ತಿಗಣೆ ಬಿದ್ದಾಗ ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಕಣಜ ತರಿಸಿ ತೋಟಗಳನ್ನು ಉಳಿಸಿತು. ನಮ್ಮ ಗೋಧಿಯ ಹೇನಿಗಾದರೆ ದೂರದಿಂದ ತರುವ ಖರ್ಚೂ ಇಲ್ಲ. ಇರುವುದನ್ನು ಕೊಲ್ಲದಿದ್ದರೆ ಸಾಕು.

ಎಣ್ಣೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ಹೇನು ತೆನೆಗೇರಿ, ಗುಳ್ಳೆಯಾಗಲಿ ಹೇನು ತಿನ್ನುವ ಗುಲಗಂಜಿ ಹುಳುವಾಗಲಿ ಕಾಣದಿದ್ದರೆ ಹೊಡೆಯಲೇಬೇಕಾಗುತ್ತದೆ. ಆದರೆ ಮೊದಲು ಎಲೆ ತಿರುವಿ ನೋಡುವುದನ್ನು ನಮಗೆ ಕಲಿಸಬೇಕು. ರೈತ ಸಂಪರ್ಕ ಕೇಂದ್ರಗಳಲ್ಲಿ ಈ ಗುಳ್ಳೆಗಳ ಚಿತ್ರ ತೂಗುಹಾಕಲಿ. ಕೃಷಿ ಸಲಹೆಗಳಲ್ಲಿ ಎಣ್ಣೆಯ ಹೆಸರಿಗಿಂತ ಮೊದಲು ಮಿತ್ರ ಕೀಟದ ಹೆಸರು ಬರಲಿ. ಅಧಿಕಾರಿಗಳು ಹಂಗಾಮಿಗೆ ಒಮ್ಮೆಯಾದರೂ ಹೊಲಕ್ಕೆ ಬಂದು ತೋರಿಸಲಿ.

ಸಹ ರೈತರಲ್ಲಿ ನನ್ನದೊಂದು ವಿನಂತಿ: ಈ ಹಿಂಗಾರಿಯಲ್ಲಿ ಪಂಪು ಬೆನ್ನಿಗೇರಿಸುವ ಮುನ್ನ ಹತ್ತು ಗಿಡಗಳ ಎಲೆಗಳನ್ನು ತಿರುವಿ ನೋಡಿರಿ.

– ಒಬ್ಬ ಗೋಧಿ ಬೆಳೆಗಾರ, ನವಲಗುಂದ ತಾಲ್ಲೂಕು